ನೀರು ಹೊರಗೆ ಹಾಕಿದವರಿಗೆ ಎಷ್ಟು ಅಂಕ?

ನನ್ನ ಮೇಜಿನ ಮೇಲೊಂದು ಗಂಟೆ ಇದೆ. ದೇವರ ಕೋಣೆಯದಲ್ಲ. ಬೋರಲು ಹಾಕಿದ ಸ್ಟೀಲಿನ ಬಟ್ಟಲಿನಂತಿದ್ದು, ನೆತ್ತಿಯ ಗುಂಡಿಯನ್ನು ಬೆರಳಿನಿಂದ ಒತ್ತಿದರೆ ‘ಟಿಣ್’ ಎನ್ನುತ್ತದೆ. ಚರ್ಚಾಸ್ಪರ್ಧೆಗಳಲ್ಲಿ ಮಾತುಗಾರರ ಬಾಯಿ ಮುಚ್ಚಿಸಲು ಇಟ್ಟುಕೊಂಡಿರುತ್ತಾರಲ್ಲ, ಅಂಥದ್ದು. ನಮ್ಮ ಕಾಲೇಜಿನವರು ಮೊಬೈಲಿನ ಗಡಿಯಾರ ನಂಬತೊಡಗಿದ ಮೇಲೆ ಕನ್ನಡದ ಮೇಷ್ಟ್ರು ಇದನ್ನು ನನ್ನ ಕೈಗಿಟ್ಟು, “ನಿನ್ನ ಸಲುವಾಗಿ ಬಾರಿಸಿ ಬಾರಿಸೇ ಇದರ ನೆತ್ತಿ ಸವದೈತಿ. ನೀನಾ ಇಟ್ಕೊಳವಾ” ಎಂದಿದ್ದರು. ಗೆದ್ದ ಬಹುಮಾನದ ಢಾಲುಗಳನ್ನೆಲ್ಲ ಅಮ್ಮ ಮಂಚದ ಕೆಳಗೆ ತಳ್ಳಿದ್ದಾಳೆ. ಇದೊಂದು ಮಾತ್ರ ಮೇಜಿನ ಮೇಲೆ ಉಳಿದಿದೆ.

ಉಳಿಸಿಕೊಳ್ಳಲು ನಾನು ಪಟ್ಟ ಪಾಡು ನನಗೇ ಗೊತ್ತು. ಅಮ್ಮ ಒಮ್ಮೆ ಪೂಜೆಗೆ ಎತ್ತಿಕೊಂಡಳು. “ದೇವರಿಗೆ ‘ನಿನ್ನ ಟೈಮ್ ಮುಗೀತು, ಕೆಳಗಿಳಿ’ ಅಂದಂಗ ಆಗತೈತಿ ನೋಡು” ಎಂದು ವಾದಿಸಿ ಬಿಡಿಸಿಕೊಂಡೆ. ಅಪ್ಪ ಚಹಾ ಬೇಕೆನಿಸಿದಾಗ ಒತ್ತಿ ನೋಡಿದರು. ಅಲ್ಲಿ ನನ್ನ ವಾದ ಬೇಕಾಗಲಿಲ್ಲ, ಅಡುಗೆಮನೆಯಿಂದ ಅಮ್ಮ ನೋಡಿದ ಒಂದು ನೋಟವೇ ಸಾಕಾಯಿತು. ಈಗ ಅದು ನನ್ನ ಕಾನೂನು ಪುಸ್ತಕದ ಹಾಳೆಗಳು ಬಳ್ಳಾರಿಯ ಬಿಸಿಗಾಳಿಗೆ ಹಾರದಂತೆ ಕೂತುಕೊಂಡು ಕಾಯುತ್ತಿದೆ.

ಮೊನ್ನೆ ಧೂಳು ಒರೆಸುವಾಗ ಅದು ತಾನಾಗಿ ಟಿಣ್ ಎಂದಿತು. ಮಾತು ನಿಲ್ಲಿಸಲೆಂದೇ ಹುಟ್ಟಿದ ಸದ್ದು ಅದು. ಆದರೆ ನಾನು ಒಮ್ಮೆ, ಒಂದೇ ಒಂದು ಸಲ, ಅದರಿಂದ ಒಂದು ಮಾತನ್ನು ಶುರು ಮಾಡಿಸಿದ್ದೇನೆ. ಆ ಹೆಮ್ಮೆಯನ್ನು ನಿಮ್ಮೆದುರು ಕೊಚ್ಚಿಕೊಳ್ಳಬೇಕಾದರೆ ಮೊದಲು ದೇಶನೂರಿಗೆ ಹೋಗಬೇಕು.

ದೇಶನೂರು ಸಿರುಗುಪ್ಪ ತಾಲ್ಲೂಕಿನದು. ನನ್ನ ಚಿಗವ್ವನನ್ನು, ಅಂದರೆ ಅಮ್ಮನ ತಂಗಿ ನೀಲಮ್ಮನನ್ನು, ಕೊಟ್ಟ ಊರು. ಬಳ್ಳಾರಿ ಜಿಲ್ಲೆ ಎಂದ ಕೂಡಲೇ ಹೊರಗಿನವರು ಗಣಿಧೂಳು, ಬಿಸಿಲು, ಖಾಲಿ ಕೊಡ ಇವನ್ನೇ ನೆನೆಯುತ್ತಾರೆ. ಅಂಥವರನ್ನು ದೇಶನೂರಿನ ಗದ್ದೆಯ ಬದುವಿನ ಮೇಲೆ ಒಂದು ಗಳಿಗೆ ನಿಲ್ಲಿಸಬೇಕು. ತುಂಗಭದ್ರೆಯ ಕಾಲುವೆ ನೀರು, ಕಣ್ಣು ಹಾಯುವಷ್ಟು ದೂರ ಭತ್ತ, ಕಾಲಿಟ್ಟರೆ ಚಪ್ಪಲಿಯನ್ನು ತಾನಿಟ್ಟುಕೊಂಡು ಕಾಲನ್ನಷ್ಟೇ ವಾಪಸು ಕೊಡುವ ಕರಿಮಣ್ಣು. ಅಲ್ಲಿ ನೀರು ಬರುವುದಿಲ್ಲ ಎಂಬ ದೂರಿಲ್ಲ. ಬಂದದ್ದು ಹೋಗುವುದಿಲ್ಲ ಎಂಬುದೇ ದೂರು. ಬೆಳೆಯ ಮೇಲೆ ಬೆಳೆಗೆ ನೀರು ಕಟ್ಟಿ ಕಟ್ಟಿ, ತಗ್ಗಿನ ಹೊಲಗಳಲ್ಲಿ ಅದು ನೆಲದೊಳಗೇ ಉಳಿದುಬಿಡುತ್ತದೆ. ಬೇಸಿಗೆ ಬಂತೆಂದರೆ ಒಳಗಿನ ಉಪ್ಪನ್ನು ಬೆನ್ನ ಮೇಲೆ ಹೊತ್ತುಕೊಂಡು ಮೇಲೇರಿ, ನೀರು ಆರಿಹೋಗಿ, ಉಪ್ಪು ಬೆಳ್ಳಗೆ ಕೂತಿರುತ್ತದೆ. ಅದಕ್ಕೆ ಸವಳು ಎನ್ನುತ್ತಾರೆ.

ಆ ಬಿಳುಪನ್ನು ನಾನು ನೆಕ್ಕಿ ನೋಡಿದವಳು. ಬೇಸಿಗೆ ರಜೆಗೆ ಹೋದಾಗ ಅದು ಸಕ್ಕರೆ ಎಂದು ಹಟ ಹಿಡಿದಿದ್ದೆ. ನನ್ನ ವಾದ ಬಲವಾಗಿಯೇ ಇತ್ತು: ಬೆಳ್ಳಗಿದೆ, ಹರಳು ಹರಳಾಗಿದೆ, ಇರುವೆಯೂ ಓಡಾಡುತ್ತಿದೆ. ಚಿಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತು, “ಹಂಗಾದ್ರ ನೆಕ್ಕಿ ತೋರ್ಸು” ಎಂದಳು. ನೆಕ್ಕಿದೆ. ನಾಲಿಗೆ ಗಂಟಲೊಳಗೆ ಓಡಿಹೋಯಿತು. “ಹೆಂಗೈತಿ?” ಎಂದಳು. “ಸ್ವಲ್ಪ ಸಿಹಿ ಐತಿ,” ಎಂದೆ, ಕಣ್ಣ ತುಂಬ ನೀರು ತುಂಬಿಕೊಂಡು. “ಹೌದಾ? ಹಂಗಾದ್ರ ಚಾದಾಗ ಹಾಕ್ತೀನಿ ತಡಿ,” ಎಂದು ಬಗ್ಗಿ ಒಂದು ಚಿಟಿಕೆ ಎತ್ತಿಕೊಂಡಳು. ಮುಂದೆ ನಾನು ಎಷ್ಟೋ ಎದುರಾಳಿಗಳನ್ನು ಕಂಡೆ. ನನ್ನ ಮಾತನ್ನೇ ನನ್ನ ಬಾಯಿಗೆ ತುರುಕುವುದರಲ್ಲಿ ಈಕೆಯನ್ನು ಮೀರಿಸಿದವರನ್ನು ಕಾಣಲಿಲ್ಲ.

ಇನ್ನು ಆ ಮನೆಯ ರೂಢಿ. ಚಿಗವ್ವನ ಗಂಡನ ಅಣ್ಣ ಪಂಪನಗೌಡರು ಮನೆಯ ಹಿರಿಯರು, ನನಗೆ ದೊಡ್ಡಪ್ಪ. ತಮ್ಮನ ಹೆಂಡತಿ ಭಾವನ ಜೊತೆ ನೇರವಾಗಿ ಮಾತಾಡುವ ಪದ್ಧತಿ ಅಲ್ಲಿಲ್ಲ. ಸಿಟ್ಟು ಅಂದುಕೊಳ್ಳಬೇಡಿ; ಅದು ಮರ್ಯಾದೆ. ಮದುವೆಯಾದ ದಿನದಿಂದ ಇಬ್ಬರ ನಡುವೆ ಆಡಿದ ಮಾತೆಲ್ಲ ಮೂರನೆಯವರ ಬಾಯಲ್ಲೇ ಓಡಾಡಿದೆ. ಆ ಮೂರನೆಯವರು ಚಿಕ್ಕಪ್ಪನೇ ಆಗಬೇಕಿತ್ತು. ಆದರೆ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ಚಿಕ್ಕಪ್ಪ, ಮನೆಯಲ್ಲಿ ಮಾತು ಬಿಸಿಯಾದ ವಾಸನೆ ಹತ್ತಿದರೆ ರಜೆಯ ದಿನವೂ ಗಿರಣಿಗೆ ಹೋಗುವ ಮನುಷ್ಯ. ಹಾಗಾಗಿ ರಜೆಗೆ ಬಂದ ನನಗೆ ಆ ಕೆಲಸ ಬಿತ್ತು.

“ಶರಣಿ, ನಿಮ್ಮ ದೊಡ್ಡಪ್ಪಗ ಹೇಳು, ರೊಟ್ಟಿ ಆರಾಕತ್ತ್ಯಾವು.”

ದೊಡ್ಡಪ್ಪ ಅಲ್ಲೇ ಬಾಗಿಲಾಚೆ, ರೊಟ್ಟಿಯ ಕಾವು ತಾಕುವಷ್ಟು ಹತ್ತಿರದಲ್ಲಿ ಕೂತಿರುತ್ತಿದ್ದರು. “ನಿಮ್ಮ ಚಿಗವ್ವಗ ಹೇಳು, ಕಾಲುವಿ ತನಕ ಹೋಗಿಬಂದು ಉಣ್ತೀನಿ ಅಂತ.”

ನಡುವೆ ಹೊಸ್ತಿಲ ಮೇಲೆ ನಾನು, ಶೇಂಗಾ ಸುಲಿಯುತ್ತ. ಇಬ್ಬರ ಮಾತೂ ಇಬ್ಬರಿಗೂ ಕೇಳಿಸಿದ್ದರೂ ನಾನು ಹೇಳುವವರೆಗೆ ಕೇಳಿಸಿದಂತಲ್ಲ. ಮೊದಮೊದಲು ಇದ್ದದ್ದನ್ನು ಇದ್ದ ಹಾಗೆ ದಾಟಿಸುತ್ತಿದ್ದೆ. ಆಮೇಲೆ ಸ್ವಲ್ಪ ಒಗ್ಗರಣೆ ಹಾಕತೊಡಗಿದೆ. “ದೊಡ್ಡಪ್ಪ, ರೊಟ್ಟಿ ಆರಾಕತ್ತ್ಯಾವಂತ. ಆರಿದ್ರ ನಾಯಿಗೆ ಹಾಕ್ತಾಳಂತ.” ಒಳಗಿನಿಂದ ಲಟ್ಟಣಿಗೆ ಬಂದು ಬೀಳುತ್ತಿತ್ತು, “ನಾ ಎಲ್ಲಿ ನಾಯಿ ಅಂದ್ನಲೇ?” ಎಂಬ ಕೂಗಿನೊಂದಿಗೆ. ಹೊರಗೆ ದೊಡ್ಡಪ್ಪ ಮೀಸೆಯೊಳಗೆ ನಗುತ್ತಿದ್ದರು. ಪರ, ವಿರೋಧ ಎರಡೂ ಕಡೆಯಿಂದ ವಾದಿಸಲು ಎಲ್ಲಿ ಕಲಿತೆ ಎಂದು ಕಾಲೇಜಿನಲ್ಲಿ ಕೇಳಿದವರಿಗೆ ನಾನು ದೊಡ್ಡ ದೊಡ್ಡ ಪುಸ್ತಕಗಳ ಹೆಸರು ಹೇಳಿದ್ದೇನೆ. ಕಲಿತದ್ದು ಆ ಹೊಸ್ತಿಲ ಮೇಲೆ.

ಆ ಮನೆಯ ಹೊಲದ ಕೊನೆಗೆ, ಹಳ್ಳಕ್ಕೆ ಅಂಟಿಕೊಂಡು, ಅರ್ಧ ಎಕರೆ ಸವಳು ನೆಲವಿತ್ತು. ಭತ್ತ ಹಚ್ಚಿದರೆ ಕಾಳಿಗಿಂತ ಜೊಳ್ಳೇ ಹೆಚ್ಚು. ಹಾಗಿದ್ದರೂ ಪ್ರತಿ ಸಲ ಹಚ್ಚುತ್ತಿದ್ದರು, ನೀರು ಬಂದಮೇಲೆ ಭತ್ತ ಹಚ್ಚದೆ ಬಿಟ್ಟರೆ ಊರವರು ನಗುತ್ತಾರೆಂದು. ಒಂದು ವರ್ಷ ಚಿಗವ್ವ ಆ ತುಂಡು ತನಗೆ ಬೇಕೆಂದಳು. ಸಿರುಗುಪ್ಪದಲ್ಲಿ ಹೆಣ್ಣುಮಕ್ಕಳಿಗೆಂದು ನಡೆದ ಒಂದು ತರಬೇತಿಗೆ ಹೋಗಿಬಂದಿದ್ದಳು. ಬಂದವಳೇ ಹೊಲದ ಸುತ್ತ ಆಳವಾದ ಬಸಿಗಾಲುವೆ ತೋಡಿಸಿ, ನಿಂತ ನೀರು ಬಸಿದು ಹಳ್ಳಕ್ಕೆ ಹೋಗುವ ಹಾಗೆ ಮಾಡಿದಳು. ಅಗೆದ ಮಣ್ಣನ್ನು ಏರು ಮಡಿ ಮಾಡಿ, ಮೇಲೆ ಹಸಿರುಗೊಬ್ಬರದ ಗಿಡ ಬಿತ್ತಿ, ಅದನ್ನು ಅಲ್ಲೇ ಮಣ್ಣಿಗೆ ಮಗುಚಿ, ಉಪ್ಪು ತಾಳುವ ಬೀಟ್‌ರೂಟು, ಪಾಲಕ್ಕು, ಅಂಚಿಗೆ ಪೇರಲ, ತೆಂಗು ಹಚ್ಚಿದಳು. ಕಾಲುವೆಯ ಬಾಯಲ್ಲಿ ಜೊಂಡು ಬೆಳೆಯಿತು, ಎಮ್ಮೆಗೆ ಹೊರಳಾಡಲು ಕೆಸರಾಯಿತು, ಎಮ್ಮೆಯ ಸಗಣಿ ಮಡಿಗೆ ಬಂತು.

ಮೊದಲ ವರ್ಷ ನೋಡಲು ಏನೂ ಚೆಂದವಿರಲಿಲ್ಲ. ದೊಡ್ಡಪ್ಪ ಬದುವಿನ ಮೇಲೆ ನಿಂತು ನನಗೆ ಹೇಳಿದರು: “ನಿಮ್ಮ ಚಿಗವ್ವಗ ಹೇಳು, ಊರ ಮಂದಿ ಕೇಳಾಕತ್ತ್ಯಾರ, ಗೌಡ್ರ ಹೊಲದಾಗ ಯಾರನ್ನ ಹುಗಿಯಾಕ ಇಷ್ಟುದ್ದ ಗುಣಿ ತೋಡೀರಿ ಅಂತ.”

“ಕೇಳಿದವರನ್ನಾ ಅಂತ ಹೇಳು,” ಎಂದಳು ಚಿಗವ್ವ.

ಇದನ್ನು ನಾನು ದಾಟಿಸಲಿಲ್ಲ. ದಾಟಿಸುವ ಅಗತ್ಯವೂ ಇರಲಿಲ್ಲ. ದೊಡ್ಡಪ್ಪನ ಕಿವಿ ಕೆಂಪಾಗಿತ್ತು.

ಪೇರಲ ಗಿಡ ಕಾಯಿ ಬಿಡತೊಡಗಿದ ವರ್ಷ ನನ್ನ ಫೋನಿಗೊಂದು ಪ್ರಕಟಣೆ ಬಂತು: ಬಳ್ಳಾರಿ, ಕುರುಗೋಡು, ಸಿರುಗುಪ್ಪ ಕಡೆಯವರಿಗೆ ಪರ್ಮಾಕಲ್ಚರ್ ವಿನ್ಯಾಸ ಸ್ಪರ್ಧೆ. ಚಿಗವ್ವನಿಗೆ ತಮಾಷೆಗೆ ಕಳಿಸಿದೆ. ಆಕೆ ತಮಾಷೆ ಎಂದು ತಿಳಿಯಲಿಲ್ಲ, ಹೆಸರು ಕೊಟ್ಟಳು. ಸುದ್ದಿ ತಿಳಿದ ದೊಡ್ಡಪ್ಪ ಕರಾರು ಹಾಕಿದರು: “ನಿಮ್ಮ ಚಿಗವ್ವಗ ಹೇಳು. ಗೆದ್ರ ಇರ್ಲಿ, ಆ ಹೊಲದ ಸುದ್ದಿಗೆ ನಾ ಬರಂಗಿಲ್ಲ. ಸೋತ್ರ ಗುಣಿ ಮುಚ್ಚಿ ಭತ್ತ ಹಚ್ಚೋದು.” ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. “ಆಗ್ಲಿ ಅಂತ ಹೇಳು,” ಎಂದಳು ಚಿಗವ್ವ. ಒಗ್ಗರಣೆ ಹಾಕದೆ ನಾನು ದಾಟಿಸಿದ ಮಾತು ಅದೊಂದೇ ಇರಬೇಕು.

ಈಗ ನನ್ನ ಅನುಮಾನದ ವಿಷಯ. ಚರ್ಚೆಯಲ್ಲಿ ಪಳಗಿದವರಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಏನೇ ಕೇಳಿದರೂ ‘ಮೊದಲು ಅರ್ಥ ಹೇಳಿ’ ಎನ್ನುವುದು. ಸ್ಪರ್ಧೆಯ ತೀರ್ಪುಗಾರರ ಮುಖ್ಯಸ್ಥರು ವೆಂಕೋಬರಾಯರು, ನಿವೃತ್ತ ಕೃಷಿ ಪ್ರಾಧ್ಯಾಪಕರು, ಬಳ್ಳಾರಿಯಲ್ಲಿ ನಮ್ಮ ಬೀದಿಯವರೇ. ಪರ್ಮಾಕಲ್ಚರ್ ಎಂದರೇನೆಂದು ಅವರನ್ನೇ ಹೋಗಿ ಕೇಳಿದೆ. “ಒಂದು ಜಾಗದ ನೀರು, ಮಣ್ಣು, ಗಿಡ, ದನ, ಮನಿ, ಎಲ್ಲಾ ಒಂದಕ್ಕೊಂದು ಆಸರ ಆಗೋಹಂಗ ಮೊದಲಾ ಯೋಚನೆ ಮಾಡಿ ಹೊಂದಿಸೋದಮ್ಮ,” ಎಂದರು. “ಇದನ್ನ ಬ್ಯಾಡ ಅನ್ನೋರು ಯಾರದಾರ ಸರ್? ವಿರೋಧ ಪಕ್ಷನಾ ಇಲ್ಲದ ವಿಷಯ ಅಲ್ಲೇನಿದು?” ಎಂದೆ. ‘ಇದೆಲ್ಲ ನಮ್ಮ ಹಿರಿಯರು ಎಂದೋ ಮಾಡಿದ್ದರು’ ಎಂಬ ಮಾತನ್ನು ಮಾತ್ರ ನಾನು ಎತ್ತಲಿಲ್ಲ. ವೇದಿಕೆಯಲ್ಲಿ ಚಪ್ಪಾಳೆ ಬೇಕಾದಾಗ ಎಲ್ಲರೂ ಎಸೆಯುವ ಮಾತು ಅದು. ಆ ಸವಳಿಗೆ ಭತ್ತ ಹಚ್ಚುತ್ತ ಬಂದವರೂ ನಮ್ಮ ಹಿರಿಯರೇ ಅಲ್ಲವೇ?

ವೆಂಕೋಬರಾಯರು ನನ್ನನ್ನೊಮ್ಮೆ ದಿಟ್ಟಿಸಿ, “ನಿನ್ನ ಹತ್ರ ಒಂದು ಗಂಟಿ ಐತಂತಲ್ಲ?” ಎಂದರು. ಹೀಗೆ ನಾನು ಸ್ಪರ್ಧೆಯ ಸಮಯಪಾಲಕಿಯಾದೆ. ಚಿಗವ್ವ ಸ್ಪರ್ಧಿ, ನಾನು ಅವಳ ಅಕ್ಕನ ಮಗಳು, ಇದು ಸರಿಯಲ್ಲ ಎಂದು ನಾನೇ ಮೊದಲು ಹೇಳಿದೆ. ಅವರು ನಕ್ಕರು. “ನೀನು ಅಂಕಾನೂ ಕೊಡಂಗಿಲ್ಲ, ಮಾತೂ ಆಡಂಗಿಲ್ಲ. ಗಡಿಯಾರಕ್ಕ ಎಂಥಾ ಚಿಗವ್ವ?” ನನ್ನ ಬಾಯಿ ಮುಚ್ಚಿಸಲು ಇದಕ್ಕಿಂತ ಒಳ್ಳೆಯ ಉಪಾಯ ಅವರಿಗೆ ಹೊಳೆಯುವಂತಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಗೆದ್ದವರನ್ನು ಆರಿಸುವ ಕ್ರಮ ಹೀಗಿತ್ತು. ಮೂವರು ತೀರ್ಪುಗಾರರು ಒಂದೊಂದು ಜಾಗಕ್ಕೂ ಹೋಗಿ, ಗೊತ್ತಾದ ಸಮಯದೊಳಗೆ ಅಡ್ಡಾಡಿ, ಒಬ್ಬರ ಜೊತೆ ಒಬ್ಬರು ಒಂದೂ ಮಾತಾಡದೆ ಬೇರೆಬೇರೆಯಾಗಿ ಅಂಕ ಬರೆಯಬೇಕು. ಮಣ್ಣಿಗೆ ಇಷ್ಟು, ಗಿಡಗಳ ಬಗೆಗೆ ಇಷ್ಟು, ಒಂದರ ಕಸ ಇನ್ನೊಂದಕ್ಕೆ ಗೊಬ್ಬರವಾದರೆ ಇಷ್ಟು, ಮನೆಯ ಅಡುಗೆಗೆ ಒದಗಿದರೆ ಇಷ್ಟು. ಎಲ್ಲಕ್ಕಿಂತ ಹೆಚ್ಚಿನ ಅಂಕ ನೀರು ಹಿಡಿದಿಡುವುದಕ್ಕೆ. ಕೊನೆಗೆ ಬಳ್ಳಾರಿಯ ಸಭಾಂಗಣದಲ್ಲಿ ಸ್ಪರ್ಧಿಗಳು ನಕ್ಷೆ ತೂಗುಹಾಕಿ ವಿವರಿಸಬೇಕು, ಸಭಿಕರ ಪ್ರಶ್ನೆಗೆ ಉತ್ತರಿಸಬೇಕು, ಅದಕ್ಕೂ ಅಂಕ. ಬರೆಯುವ ಮೊದಲು ತೀರ್ಪುಗಾರರು ಮಾತಾಡಿಕೊಳ್ಳಬಾರದೆಂಬ ಶಿಸ್ತನ್ನು ನಾನು ಗೆದ್ದ ಚರ್ಚಾಸ್ಪರ್ಧೆಗಳಲ್ಲೂ ಕಂಡಿರಲಿಲ್ಲ. ಸೋತವುಗಳ ಮಾತು ಬಿಡಿ, ಅಲ್ಲೆಲ್ಲ ತೀರ್ಪುಗಾರರು ಮಾತಾಡಿಕೊಂಡೇ ಇದ್ದಿರಬೇಕು.

ಗಂಟೆ ಚೀಲದಲ್ಲಿಟ್ಟುಕೊಂಡು ಅವರ ಹಿಂದೆ ಅಲೆದೆ. ಬಳ್ಳಾರಿಯಲ್ಲಿ ಮೇಷ್ಟ್ರ ದಂಪತಿಗಳ ತಾರಸಿ ತೋಟ. ಹೆಂಡತಿಗೆ ಕೇಳಿದ ಪ್ರಶ್ನೆಗೆಲ್ಲ ಗಂಡ ಉತ್ತರಿಸಿ ಅಂಕ ಕಳೆದುಕೊಂಡರು. ಕುರುಗೋಡಿನಲ್ಲಿ ಗುಡ್ಡದ ಬುಡದ ಹೊಲ, ನಿವೃತ್ತ ಬಸ್ ಕಂಡಕ್ಟರ್ ಹುಲುಗಪ್ಪನವರದು. ಅಲ್ಲಿ ನನ್ನ ಅನುಮಾನಕ್ಕೆ ಮೊದಲ ಪೆಟ್ಟು ಬಿತ್ತು. ಬರೀ ಬಂಡೆ. ಬಂಡೆಯ ಮೇಲೆ ಬಿದ್ದ ಮಳೆ ಇಳಿದು ಬರುವ ದಾರಿಗಳಿಗೆಲ್ಲ ಅಡ್ಡ ಸಣ್ಣ ಸಣ್ಣ ಕಲ್ಲಿನ ಕಟ್ಟೆ, ಒಂದು ತುಂಬಿದರೆ ಇನ್ನೊಂದಕ್ಕೆ, ಕಡೆಗೆ ಹೊಂಡಕ್ಕೆ. ಹೊಂಡದ ಸುತ್ತ ಸೀತಾಫಲ, ನುಗ್ಗೆ, ಕೆಳಗೆ ತೊಗರಿ. “ಬಸ್ಸಿನಾಗ ಹೆಂಗ್ರೀ, ಒಬ್ರನ್ನೂ ಟಿಕೀಟಿಲ್ದ ಇಳಿಯಾಕ ಬಿಡ್ತಿದ್ದಿಲ್ಲ. ಇಲ್ಲೂ ಹಂಗಾ, ಒಂದು ಹನಿ ಹಂಗಾ ಹೋಗಂಗಿಲ್ಲ,” ಎಂದರು. ನಾನು ಗಂಟೆ ಒತ್ತುವುದನ್ನೇ ಮರೆಯುತ್ತಿದ್ದೆ. ಚಿಗವ್ವನನ್ನು ಸೋಲಿಸುವವರು ಇವರೇ ಎಂದು ಆಗಲೇ ಗೊತ್ತಾಯಿತು.

ದೇಶನೂರಿನಲ್ಲಿ ತೀರ್ಪುಗಾರರು ಚೆನ್ನಾಗಿಯೇ ಅಡ್ಡಾಡಿದರು, ಪೇರಲ ಹಣ್ಣನ್ನೂ ತಿಂದರು. ಆದರೆ ನೀರಿನ ಕಾಲಮ್ಮಿನೆದುರು ಮೂವರ ಪೆನ್ನೂ ನಿಂತದ್ದನ್ನು ನಾನು ಕಂಡೆ. ಹಿಡಿದಿಟ್ಟ ನೀರು ಎಲ್ಲಿದೆ? ಇಲ್ಲಿ ಇರುವ ನೀರನ್ನೂ ಹೊರಗೆ ಅಟ್ಟಲಾಗಿದೆ! ನನ್ನ ನಾಲಿಗೆಯ ತುದಿಗೆ ಇಡೀ ವಾದ ಬಂದು ನಿಂತಿತ್ತು. ವೆಂಕೋಬರಾಯರು ನನ್ನ ಕಡೆ ನೋಡಿದರು. ನಾನು ಗಡಿಯಾರ, ಗಡಿಯಾರ ಎಂದು ಮನಸ್ಸಿನಲ್ಲೇ ಜಪಿಸಿದೆ.

ಸಭಾಂಗಣದ ದಿನ ದೊಡ್ಡಪ್ಪ ಬಿಳಿ ಧೋತರ, ಜರಿ ಶಲ್ಯ ಹಾಕಿಕೊಂಡು ಬಂದು ಮುಂದಿನ ಸಾಲಿನಲ್ಲೇ ಕೂತರು. ಚಿಗವ್ವ ಸೋಲುವುದನ್ನು ಕಣ್ಣಾರೆ ನೋಡಿ, ಹೋಗುತ್ತಾ ಭತ್ತದ ಬೀಜ ತೆಗೆದುಕೊಂಡು ಹೋಗಲು ಬಂದಿದ್ದಾರೆಂದೇ ನಾನು ತಿಳಿದೆ. ಚಿಕ್ಕಪ್ಪನಿಗೆ ಆ ದಿನ ಗಿರಣಿಯಲ್ಲಿ ಬಹಳ ಕೆಲಸವಿತ್ತು.

ಚಿಗವ್ವ ನಕ್ಷೆ ತೂಗುಹಾಕಿ ಮಾತಾಡಿದಳು. ಚೆನ್ನಾಗಿ ಮಾತಾಡಿದಳು ಎಂದರೆ ಸಾಲದು. ಬೆಳ್ಳಗೆ ಸವಳು ಕಟ್ಟಿದ ಮಣ್ಣನ್ನು ಒಂದು ತಟ್ಟೆಯಲ್ಲಿ, ಈಗಿನ ಮಣ್ಣನ್ನು ಇನ್ನೊಂದು ತಟ್ಟೆಯಲ್ಲಿ ತಂದಿದ್ದಳು. “ಯಾರಿಗಾರ ಅನುಮಾನ ಇದ್ರ ನೆಕ್ಕಿ ನೋಡ್ರಿ. ನಮ್ಮ ಅಕ್ಕನ ಮಗಳು ನೆಕ್ಕಿ ನೋಡಿದಾಕಿನಾ,” ಎಂದು ಮೈಕಿನಲ್ಲೇ ಹೇಳಿ ನನ್ನ ಕಡೆ ಕೈ ತೋರಿಸಿದಳು. ಸಭೆ ನಕ್ಕಿತು. ನಾನು ಗಂಟೆಯ ನೆತ್ತಿ ನೋಡುತ್ತ ಕೂತೆ.

ಪ್ರಶ್ನೆಯ ಹೊತ್ತು ಬಂತು. ಮೊದಲು ಎದ್ದವರು ದೊಡ್ಡಪ್ಪ. ಚಿಗವ್ವನ ಕಡೆ ನೋಡದೆ, ವೆಂಕೋಬರಾಯರ ಕಡೆ ತಿರುಗಿ, “ಆಕೀನ ಕೇಳ್ರಿ, ಹೊರಗ ಹಾಕಿದ ಉಪ್ಪುನೀರು ಹೋಗಿ ಯಾರ ಹೊಲಕ್ಕ ಬೀಳತೈತಿ ಅಂತ,” ಎಂದರು.

ಚಿಗವ್ವನ ಕೈ ತಾನಾಗಿ ಸೆರಗಿಗೆ ಹೋಗಿ ತಲೆ ಮುಚ್ಚಿತು. ಅವಳೂ ವೆಂಕೋಬರಾಯರ ಕಡೆಗೇ ತಿರುಗಿದಳು. “ಅವರಿಗೆ ಹೇಳ್ರಿ ಸರ್, ಯಾರ ಹೊಲಕ್ಕೂ ಬೀಳಂಗಿಲ್ಲ. ಕೆಳಗ ಹಳ್ಳ ಐತಿ. ಅವರು ಸಣ್ಣವರಿದ್ದಾಗ ಈಜು ಕಲತ ಹಳ್ಳ.”

ವೆಂಕೋಬರಾಯರು ಒಮ್ಮೆ ಇತ್ತ, ಒಮ್ಮೆ ಅತ್ತ ನೋಡಿದರು. ಅವರೂ ಈ ಸೀಮೆಯವರೇ, ಕ್ಷಣದಲ್ಲಿ ಅರ್ಥವಾಯಿತು. ಗಂಭೀರವಾಗಿ, “ಗೌಡ್ರ, ಹಳ್ಳ ಐತಂತ,” ಎಂದರು.

“ಹಳ್ಳ ಇರೋದು ನಂಗ ಗೊತ್ತಿಲ್ಲೇನು? ಮಳಿಗಾಲದಾಗ ಹಳ್ಳ ಏರಿ ನೀರು ತಿರುಗಿ ಹೊಲಕ್ಕ ಬಂದ್ರ ಏನು ಮಾಡ್ತಾಳಂತ ಕೇಳ್ರಿ.”

“ತಿರುಗಿ ಬಂದ್ರ ಏನಮ್ಮ?” ಎಂದರು ವೆಂಕೋಬರಾಯರು.

“ಕಾಲುವಿ ಬಾಯಿಗೆ ಹಲಗಿ ಇಟ್ಟೀನಂತ ಹೇಳ್ರಿ. ಹಳ್ಳ ಏರಿದ್ರ ಇಳಸೋದು, ಇಳಿದ್ರ ಎತ್ತೋದು. ಹಳೇ ಬಂಡಿ ಹಲಗಿ ಕಾಣವಲ್ದು ಅಂತ ಅವರು ಮನಿಯೆಲ್ಲಾ ಹುಡುಕ್ಯಾಡಿದ್ರಲ್ಲ, ಅದಾ ಹಲಗಿ.”

ಸಭೆಗೆ ಸಭೆಯೇ ಹೋ ಎಂದಿತು. ವೆಂಕೋಬರಾಯರು ಈ ಒಂದು ಮಾತನ್ನು ದಾಟಿಸಲಿಲ್ಲ. ದೊಡ್ಡಪ್ಪ ಕೂತರು. ಆದರೆ ಅವರ ಮೀಸೆಯೊಳಗೆ ಏನೋ ಅಲುಗಿದ್ದನ್ನು ನಾನು ಕಂಡೆ. ಹೊಸ್ತಿಲ ಮೇಲಿನಿಂದ ಎಷ್ಟೋ ಸಲ ಕಂಡಿದ್ದ ಅಲುಗಾಟ.

ಆಗ ಹೊರಗಿನ ಊರಿನಿಂದ ಬಂದಿದ್ದ ಇನ್ನೊಬ್ಬ ತೀರ್ಪುಗಾರರು ಮೆತ್ತಗೆ ಕೇಳಿದರು: “ಎಲ್ಲ ಸರಿ ತಾಯಿ. ಆದರೆ ನೀರು ಹಿಡಿದಿಡುವ ಕಾಲಮ್ಮಿನಲ್ಲಿ ನಿಮಗೆ ಏನು ಕೊಡೋಣ? ನೀವು ನೀರನ್ನು ಹೊರಗೆ ಹಾಕಿದ್ದೀರಿ.”

ಚಿಗವ್ವ ಬಾಯಿ ತೆರೆದಳು. ನನ್ನ ಗಡಿಯಾರದಲ್ಲಿ ಅವಳ ಹೊತ್ತು ಮುಗಿಯಿತು. ಒತ್ತಿದೆ. ಟಿಣ್. ಅವಳು ನನ್ನನ್ನು ನೋಡಿದ ನೋಟ ಇವತ್ತಿಗೂ ಬೆನ್ನಿಗೆ ಚುಚ್ಚುತ್ತದೆ. ಆದರೂ ಒತ್ತಿದ್ದು ಸರಿ ಎಂದೇ ನನ್ನ ವಾದ. ಅವಳು ನಕ್ಷೆ ಸುತ್ತತೊಡಗಿದಳು.

“ಏನ್ರೀ ಹಂಗಂದ್ರ?”

ದೊಡ್ಡಪ್ಪ ಎದ್ದು ನಿಂತಿದ್ದರು. ಶಲ್ಯ ಹೆಗಲಿನಿಂದ ಜಾರಿ ಕುರ್ಚಿಯ ಮೇಲೆ ಬಿದ್ದಿತ್ತು. “ನೀರು ಹೊರಗ ಹಾಕಿದ್ರ ಅಂಕ ಇಲ್ಲೇನು? ಹೊಟ್ಟಿ ಉಬ್ಬಿದವಗ ಇನ್ನೊಂದು ಚರಿಗಿ ಕುಡಿ, ಅಂಕ ಕೊಡ್ತೀನಿ ಅಂತೀರೇನು ನೀವು?”

ನಾನು ಒತ್ತಿದೆ. ಟಿಣ್.

“ಲೇ ಶರಣಿ, ಆ ಗಂಟಿ ಕೆಳಗಿಡು! ಕುರುಗೋಡ್ದಾಗ ನೀರು ನಿಲ್ಲಂಗಿಲ್ಲ, ಹುಲುಗಪ್ಪ ನಿಲ್ಲಿಸ್ಯಾನ, ಶಾಣ್ಯಾ. ನಮ್ಮಲ್ಲಿ ನೀರು ಹೋಗಂಗಿಲ್ಲ, ನಮ್ಮ ನೀಲಮ್ಮ ಕಳಿಸ್ಯಾಳ. ಇದೇನು ದಡ್ಡತನ ಆತೇನು? ಹತ್ತೂರಾಗ ತಿರುಗ್ಯಾಡಿ ಕೇಳ್ರಿ, ಆ ನೆಲದಾಗ ಒಂದು ಪೇರಲ ಕಾಯಿ ಬಿಟ್ಟಿದ್ದು ಯಾರಾರ ನೋಡ್ಯಾರೇನಂತ. ನೀರಿನ ಬುದ್ಧಿ ಅಂದ್ರ ಹಿಡಿಯೋದೊಂದಾ ಏನು? ಬಿಡೋದಕ್ಕೂ ಬುದ್ಧಿ ಬೇಕ್ರೀ!”

ಚರ್ಚಾಸ್ಪರ್ಧೆಯಲ್ಲಿ ಚೀಟಿ ಎತ್ತಿಸುತ್ತಾರೆ, ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ನನಗೆ ನಂಬಿಕೆಯಿಲ್ಲದ ಬದಿಗೆ ಎಷ್ಟೋ ಸಲ ಮಾತಾಡಿದ್ದೇನೆ. ಅದರಲ್ಲೊಂದು ಅಪಾಯವಿದೆ: ಗಂಟಲು ಹರಿಯುವಂತೆ ಒಂದು ಬದಿಗೆ ವಾದಿಸಿ ಕೆಳಗಿಳಿದ ಮೇಲೆ, ಆ ಬದಿ ನಿಮ್ಮನ್ನು ಬಿಡುವುದಿಲ್ಲ. ಯಾವ ಚೀಟಿಯನ್ನೂ ಎತ್ತದ ದೊಡ್ಡಪ್ಪ ಸಭೆಯ ನಡುವೆ ನಿಂತು ಚಿಗವ್ವನ ಬದಿಗೆ ವಾದಿಸುತ್ತಿದ್ದರು. ‘ನಮ್ಮ ನೀಲಮ್ಮ’ ಎಂದದ್ದು ಅವರಿಗೆ ಗೊತ್ತಾಗಿರಲಿಲ್ಲ. ನಕ್ಷೆ ಸುತ್ತುತ್ತಿದ್ದ ಚಿಗವ್ವನಿಗೆ ಗೊತ್ತಾಗಿತ್ತು. ಅವಳ ಕೈ ನಿಂತುಬಿಟ್ಟಿತ್ತು.

ವೆಂಕೋಬರಾಯರು ಎದ್ದು ಕೈಮುಗಿದರು. “ಗೌಡ್ರ, ನೀವು ಹೇಳೋದು ಖರೆ. ಈ ಕಾಲಮ್ಮು ಒಣ ನೆಲಾ ನೋಡಿ ಬರದದ್ದು, ನಮ್ಮ ತಪ್ಪು. ಆದ್ರ ಆಟ ಶುರು ಆದಮ್ಯಾಲ ಅಳತಿ ಬದಲಿ ಮಾಡಿದ್ರ ಹುಲುಗಪ್ಪನವರಿಗೆ ಅನ್ಯಾಯ ಆಗತೈತಿ.” ಅವರು ಹೇಳಿದ್ದು ಸರಿ. ನಾನು ಅವರ ಜಾಗದಲ್ಲಿದ್ದರೂ ಅದನ್ನೇ ಹೇಳುತ್ತಿದ್ದೆ.

ಹುಲುಗಪ್ಪನವರಿಗೆ ಮೊದಲ ಬಹುಮಾನ. ಚಿಗವ್ವನಿಗೆ ಏನೂ ಇಲ್ಲ. ಸಮಾಧಾನಕರ ಬಹುಮಾನ ಎಂಬ ಅವಮಾನವನ್ನು ಅವರು ಇಟ್ಟುಕೊಂಡಿರಲಿಲ್ಲ, ಪುಣ್ಯ. ಹುಲುಗಪ್ಪನವರು ಹಾರ ಹಾಕಿಕೊಂಡೇ ಬಂದು, “ಯವ್ವಾ, ಮುಂದಿನ ಸಲ ಆ ನೀರು ಹಳ್ಳಕ್ಕ ಬಿಡಬ್ಯಾಡ್ರಿ, ಕುರುಗೋಡಿಗೆ ಕಳಿಸ್ರಿ,” ಎಂದರು. ವೆಂಕೋಬರಾಯರು ಚಿಗವ್ವನ ಹತ್ತಿರ ಬಂದು, “ಮುಂದಿನ ವರ್ಷದ ಕಾಲಮ್ಮು ಬರಿಯಾಕ ನೀವೂ ಬರಬೇಕಮ್ಮ. ನೆಲಾ ನೋಡಿ ಆಮೇಲೆ ಅಳತಿ ಮಾಡೋಣ,” ಎಂದರು. “ನೋಡೋಣ್ರಿ,” ಎಂದಳು ಚಿಗವ್ವ. ಅವಳ ಕಣ್ಣು ದೊಡ್ಡಪ್ಪನ ಮೇಲಿತ್ತು. ಕರಾರು ಅವಳಿಗೆ ಮರೆತಿರಲಿಲ್ಲ, ನನಗೂ.

ವಾಪಸು ಹೋಗುವಾಗ ನಾನೂ ಅವರ ಜೀಪಿನಲ್ಲೇ ಹೊರಟೆ. ದಾರಿಯಲ್ಲಿ ತೆಕ್ಕಲಕೋಟೆಯಲ್ಲಿ ಚಹಾಕ್ಕೆ ಇಳಿದೆವು. ಮಂಡಕ್ಕಿಯ ಮಂಡಾಳು ಒಗ್ಗರಣೆ, ಬಿಸಿ ಮಿರ್ಚಿ ಬಜ್ಜಿ ಬಂತು. ಮೇಜಿನ ಆ ತುದಿಗೆ ದೊಡ್ಡಪ್ಪ, ಈ ತುದಿಗೆ ಚಿಗವ್ವ, ನಡುವೆ ಎಂದಿನಂತೆ ನಾನು. ದೊಡ್ಡಪ್ಪ ಮಿರ್ಚಿ ಮುರಿದು, ಆರಲೆಂದು ಊದಿ, ಗಂಟಲು ಸರಿಮಾಡಿಕೊಂಡರು.

“ಶರಣಿ, ನಿಮ್ಮ ಚಿಗವ್ವಗ ಹೇಳು...”

ನನಗೆ ಏನಾಯಿತೋ. ಚೀಲಕ್ಕೆ ಕೈಹಾಕಿ ಗಂಟೆ ತೆಗೆದು ಮೇಜಿನ ಮೇಲಿಟ್ಟು ಒತ್ತಿದೆ. ಟಿಣ್.

“ಟೈಮ್ ಮುಗೀತು ದೊಡ್ಡಪ್ಪ. ಹೊಸ್ತಿಲ ಮ್ಯಾಲ ಕುಂತಾಗಿಂದ ಹೇಳಿ ಹೇಳಿ ಸಾಕಾಗೈತಿ ನಂಗ. ನೂರು ಮಂದ್ಯಾಗ ‘ನಮ್ಮ ನೀಲಮ್ಮ’ ಅಂದೀರಿ. ಇನ್ನ ನೀವಾ ಹೇಳ್ರಿ.”

ಹೋಟೆಲಿನ ಯಜಮಾನ ಒಳಗಿಂದ ಇಣುಕಿ, “ಏನು ಬೇಕ್ರಿ?” ಎಂದ. ಗಂಟೆ ತನಗೆಂದು ತಿಳಿದಿದ್ದ. “ಏನಿಲ್ಲ ಮಾರಾಯ, ಮನೀ ಮಾತು,” ಎಂದರು ದೊಡ್ಡಪ್ಪ. ಆಮೇಲೆ ತಟ್ಟೆಯೊಳಗಿನ ತುಂಡುಗಳನ್ನು ಅತ್ತಿತ್ತ ಸರಿಸಿದರು. ಮಿರ್ಚಿ ಪೂರ್ತಿ ಆರಿತು.

“ನೀಲಮ್ಮಾ,” ಎಂದರು.

ಚಿಗವ್ವನ ಕೈ ಸೆರಗಿಗೆ ಹೋಯಿತು.

“ಆ ಕಾಲುವಿ, ಹಳ್ಳದ ಕಡೆ, ಇನ್ನೊಂದು ಮೊಳ ಆಳ ಆಗಬೇಕು.”

ಸೆರಗಿನ ಅಂಚು ಹಿಡಿದ ಕೈ ಅಲ್ಲೇ ನಿಂತು, ಮೆಲ್ಲಗೆ ಕೆಳಗಿಳಿದು ಚಹಾದ ಗ್ಲಾಸು ಹಿಡಿಯಿತು. “ಒಂದು ಮೊಳ ಎಲ್ಲಿ ಸಾಲತೈತಿ ಭಾವಾ. ಎರಡರ ಬೇಕು.”

“ಎರಡು ಯಾಕ? ದಂಡಿ ಕುಸಿಯಂಗಿಲ್ಲೇನು?”

“ದಂಡಿಗೆ ಹುಲ್ಲು ಹಚ್ಚಿದ್ರ ಯಾಕ ಕುಸೀತೈತಿ?”

ವಕೀಲಿಕೆ ಓದುವವಳಿಗೆ ಕರಾರು ಮರೆಯುವುದು ಸಾಧ್ಯವೇ? “ದೊಡ್ಡಪ್ಪ, ಸೋತ್ರ ಗುಣಿ ಮುಚ್ಚೋದು ಅಂತ ಮಾತಾಗಿತ್ತು,” ಎಂದೆ.

ದೊಡ್ಡಪ್ಪ ನನ್ನನ್ನು ಕೆಕ್ಕರಿಸಿ ನೋಡಿದರು. “ನಾ ನಿಂತು ವಾದಾ ಮಾಡೀನಲೇ. ಈಗದು ನಂದೂ ಗುಣಿ. ನನ್ನ ಗುಣಿ ನಾನಾ ಮುಚ್ಚಿಕೊಳ್ಳಲೇನು? ಸುಮ್ನ ಮಿರ್ಚಿ ತಿನ್ನು.”

ತಿಂದೆ. ಅಲ್ಲಿಂದ ದೇಶನೂರಿನವರೆಗೆ ಜೀಪಿನಲ್ಲಿ ಒಂದು ಮೊಳವೋ ಎರಡು ಮೊಳವೋ ಎಂಬ ವಿಷಯದ ಮೇಲೆ ನಾನು ಕೇಳಿದ ಅತ್ಯುತ್ತಮ ಚರ್ಚೆ ನಡೆಯಿತು. ನಾನು ಕಿಟಕಿಯ ಪಕ್ಕಕ್ಕೆ ಸರಿದು ಕೂತೆ. ನಡುವಿನ ಜಾಗ ಖಾಲಿಯಾಯಿತು.

ಮೊನ್ನೆ ಧೂಳು ಒರೆಸಿದ ಮೇಲೆ ಚಿಗವ್ವನಿಗೆ ಫೋನು ಮಾಡಿದೆ. ಹೇಗಿದ್ದೀ ಎಂದು ಕೇಳುವಷ್ಟರಲ್ಲಿ ಹಿಂದಿನಿಂದ ದೊಡ್ಡಪ್ಪನ ದನಿ ಬಂತು: “ಪೇರಲದ ಬುಡಕ್ಕ ಬೀಟ್‌ರೂಟ್ ಹಚ್ಚಬ್ಯಾಡ ಅಂದಿದ್ದಿಲ್ಲೇನು ನೀಲಮ್ಮಾ?” ಚಿಗವ್ವ ಫೋನನ್ನು ಕಿವಿಗಿಟ್ಟುಕೊಂಡೇ ಅವರಿಗೆ ಉತ್ತರ ಕೊಡತೊಡಗಿದಳು. ನಾನು ಈ ತುದಿಯಲ್ಲಿ ಕಾದೆ. ಕಾದು ಕಾದು, ಕೊನೆಗೆ ಗಂಟೆಯನ್ನು ಫೋನಿನ ಬಾಯಿಗೆ ಹಿಡಿದು ಒತ್ತಿದೆ.

ಇಬ್ಬರಿಗೂ ಕೇಳಿಸಲಿಲ್ಲ.